ಅಪ್ಪನ ಲೆಕ್ಕದ ಪುಸ್ತಕದಲ್ಲಿ ಬುಧವಾರ

ಹೋದ ಭಾನುವಾರ ಊರಿಗೆ ಹೋಗಿದ್ದೆ. ಅಮ್ಮ ಅಟ್ಟ ಗುಡಿಸಿಕೊಡು ಅಂದಿದ್ದಕ್ಕೆ ಏಣಿ ಹತ್ತಿದರೆ, ಹಳೇ ಟ್ರಂಕಿನ ಹಿಂದೆ ಅಪ್ಪನ ಅಂಗಡಿಯ ಲೆಕ್ಕದ ಪುಸ್ತಕಗಳ ಕಟ್ಟು ಸಿಕ್ಕಿತು. ಕೆಂಪು ಬಟ್ಟೆ ರಟ್ಟಿನ ಉದ್ದುದ್ದ ಪುಸ್ತಕಗಳು. ಮೂಲೆಗಳನ್ನು ಜಿರಲೆ ತಿಂದಿದೆ. ಪ್ರತಿ ಪುಟದ ತಲೆಯ ಮೇಲೆ 'ಶ್ರೀ', ಅದರ ಕೆಳಗೆ ವಾರ, ತಾರೀಕು, ಆ ದಿನದ ವ್ಯಾಪಾರ.

ಗುಡಿಸೋದು ಬಿಟ್ಟು ಅಲ್ಲೇ ಕೂತು ತಿರುವಿದೆ. 2007ನೇ ಇಸವಿಯ ಪುಸ್ತಕ. ಸೋಮವಾರ 310 ರೂಪಾಯಿ. ಮಂಗಳವಾರ 285. ಬುಧವಾರ 1,640. ಗುರುವಾರ 340. ಮುಂದಿನ ವಾರ ನೋಡಿದೆ, ಅದರ ಮುಂದಿನ ವಾರ ನೋಡಿದೆ. ಎಲ್ಲಾ ವಾರವೂ ಹಾಗೇ. ಬುಧವಾರ ಒಂದು ದಿನದ ವ್ಯಾಪಾರ ಹೆಚ್ಚುಕಮ್ಮಿ ಉಳಿದ ಆರು ದಿನದ ವ್ಯಾಪಾರಕ್ಕೆ ಸಮ.

ಬುಧವಾರ ನಮ್ಮೂರ ಸಂತೆ.

ಊರಿನ ಹೆಸರು ಬರೆಯುವುದಿಲ್ಲ. ಮೈಸೂರಿನಿಂದ ಒಂದೂವರೆ ಗಂಟೆ ದಾರಿ, ಪುರಸಭೆ ಇರುವ ಊರು, ಅಷ್ಟು ಸಾಕು. ಓದುವ ಹಲವರಿಗೆ ಇದು ನಮ್ಮೂರೇ ಅನ್ನಿಸಿದರೂ ಆಶ್ಚರ್ಯ ಇಲ್ಲ.

ನಮ್ಮದು ಫ್ಯಾನ್ಸಿ ಸ್ಟೋರ್. ರಿಬ್ಬನ್ನು, ಪಿನ್ನು, ಹೇರ್ ಕ್ಲಿಪ್ಪು, ನೋಟ್‌ಬುಕ್, ಪೆನ್ನಿನ ರೀಫಿಲ್ಲು, ಹಬ್ಬಕ್ಕೆ ಒಂದಿಷ್ಟು ಬಳೆ. ಅಂಗಡಿ ಎದುರಿಗೇ ಸಂತೆಮಾಳ. ಮಧ್ಯೆ ನಾಲ್ಕು ದೊಡ್ಡ ಹೊಂಗೆ ಮರ, ಒಂದು ನಲ್ಲಿ. ಬುಧವಾರ ಬೆಳಗಿನ ಜಾವ ಹಳ್ಳಿಗಳಿಂದ ಬರುವ ಬಸ್ಸಿನ ಟಾಪಿನಿಂದ ಸೊಪ್ಪಿನ ಮೂಟೆಗಳು ಇಳಿಯುತ್ತಿದ್ದವು. ಎಂಟು ಗಂಟೆಗೆಲ್ಲ ಕಡ್ಲೆಪುರಿ, ಬತ್ತಾಸು, ಒಣಮೀನು, ಹುಣಸೆಹಣ್ಣು, ಮಡಕೆ, ಕುಡುಗೋಲು, ಹಗ್ಗ ಎಲ್ಲವೂ ತಮ್ಮ ತಮ್ಮ ಸಾಲಿನಲ್ಲಿ ಕೂತಿರುತ್ತಿದ್ದವು. ಯಾರು ಎಲ್ಲಿ ಕೂರಬೇಕು ಅಂತ ಒಬ್ಬರೂ ಗೆರೆ ಎಳೆದಿರಲಿಲ್ಲ. ಅಜ್ಜಿ ಕೂತಿದ್ದ ಜಾಗದಲ್ಲಿ ಸೊಸೆ ಕೂರುತ್ತಿದ್ದಳು, ಅಷ್ಟೇ.

ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ನಮ್ಮ ಅಂಗಡಿಯ ವ್ಯಾಪಾರ ಶುರು. ಸೊಪ್ಪು ಖಾಲಿ ಮಾಡಿಕೊಂಡ ಹೆಂಗಸರು ಸೆರಗಿನ ಗಂಟು ಬಿಚ್ಚುತ್ತಾ ಬರುತ್ತಿದ್ದರು. ಮಗಳಿಗೆ ರಿಬ್ಬನ್ನು, ಮಗನಿಗೆ ಇನ್ನೂರು ಪುಟದ ನೋಟ್‌ಬುಕ್ ಎರಡು. ಒಬ್ಬರು ಪ್ರತಿ ವಾರವೂ ಒಂದೇ ಒಂದು ಪೆನ್ಸಿಲ್ ತಗೊಂಡು ಹೋಗುತ್ತಿದ್ದರು. ಯಾಕಮ್ಮ ಒಂದೊಂದೇ ತಗೋತೀಯ ಅಂತ ಅಪ್ಪ ಒಂದು ದಿನ ಕೇಳಿದ್ದಕ್ಕೆ, 'ಜಾಸ್ತಿ ಕೊಟ್ರೆ ಕಳೀತಾನೆ ಕಣಣ್ಣ' ಅಂದಿದ್ದರು. ಸೊಪ್ಪು ಮಾರಿದ ದುಡ್ಡು ಊರು ಬಿಟ್ಟು ಹೋಗುವ ಮೊದಲೇ ನಮ್ಮಲ್ಲಿ ನೋಟ್‌ಬುಕ್ ಆಗುತ್ತಿತ್ತು. ಪಕ್ಕದ ಹೋಟೆಲಿನಲ್ಲಿ ಇಡ್ಲಿ ಆಗುತ್ತಿತ್ತು, ಟೈಲರ್ ಹತ್ತಿರ ರವಿಕೆ ಆಗುತ್ತಿತ್ತು. ನಮ್ಮಪ್ಪ ಆ ದುಡ್ಡಿನಲ್ಲಿ ಸಂಜೆ ಸಂತೆಗೆ ಹೋಗಿ ವಾರದ ತರಕಾರಿ ತರುತ್ತಿದ್ದರು. ಅದೇ ಹತ್ತು ರೂಪಾಯಿ ಒಂದು ದಿನದಲ್ಲಿ ನಾಲ್ಕು ಕೈ ನೋಡುತ್ತಿತ್ತು. ಆರ್ಥಿಕ ಬೆಳವಣಿಗೆ ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ಬುಧವಾರದ ಸಂಜೆ.

2011ರಲ್ಲಿ ಪುರಸಭೆಯವರು ಸಂತೆಮಾಳದಲ್ಲಿ ಕಾಂಪ್ಲೆಕ್ಸ್ ಕಟ್ಟಲು ಪಾಯ ತೆಗೆದರು. ಕೆಳಗೆ ಹದಿನಾರು ಮಳಿಗೆ, ಮೇಲೆ ಹದಿನಾರು ಮಳಿಗೆ. ಸಂತೆಯನ್ನು 'ತಾತ್ಕಾಲಿಕವಾಗಿ' ಬೈಪಾಸ್ ಪಕ್ಕದ ಬಯಲಿಗೆ ಕಳಿಸಿದರು. ಊರಿಂದ ಎರಡು ಕಿಲೋಮೀಟರ್. ಮರ ಇಲ್ಲ, ನಲ್ಲಿ ಇಲ್ಲ, ಮಳೆ ಬಂದರೆ ಮೊಣಕಾಲುದ್ದ ಕೆಸರು. ಹೊಂಗೆ ಮರಗಳು ಮೊದಲ ವಾರದಲ್ಲೇ ಹೋದವು.

2012ರ ಪುಸ್ತಕ ತೆಗೆದೆ. ಬುಧವಾರ 390. ಬುಧವಾರ 360. ಬುಧವಾರ 415. ಬೇರೆ ದಿನಕ್ಕೂ ಬುಧವಾರಕ್ಕೂ ವ್ಯತ್ಯಾಸವೇ ಇಲ್ಲ. ಒಂದು ಪುಟದಲ್ಲಿ ಅಪ್ಪ ಬುಧವಾರದ ಪಕ್ಕ ಪೆನ್ಸಿಲಿನಲ್ಲಿ ಚಿಕ್ಕದಾಗಿ 'ಸಂತೆ ಇಲ್ಲ' ಅಂತ ಬರೆದಿದ್ದಾರೆ. ಅದನ್ನು ನೋಡಿ ತುಂಬಾ ಹೊತ್ತು ಹಾಗೇ ಕೂತಿದ್ದೆ. 2013ರ ಯುಗಾದಿ ಆದ ಮೇಲೆ ಪುಸ್ತಕವೇ ಇಲ್ಲ. ಅಂಗಡಿ ಮುಚ್ಚಿದೆವು.

ಕಾಂಪ್ಲೆಕ್ಸ್ ಈಗ ಹೇಗಿದೆ ಅಂದರೆ, ಕೆಳಗಿನ ಮಳಿಗೆಗಳು ಹರಾಜಿನಲ್ಲಿ ಹೋದವು. ಮುಂಗಡ ಕಟ್ಟುವ ಶಕ್ತಿ ಇದ್ದವರು ಹಿಡಿದರು. ಅವರಲ್ಲಿ ಎಷ್ಟೋ ಜನ ಅಂಗಡಿಯನ್ನೇ ಇಟ್ಟಿಲ್ಲ, ಬೇರೆಯವರಿಗೆ ಒಳಬಾಡಿಗೆಗೆ ಕೊಟ್ಟಿದ್ದಾರೆ. ಪುರಸಭೆಗೆ ಹೋಗುವ ಬಾಡಿಗೆ ಒಂದು, ಕೈಗೆ ಬರುವ ಬಾಡಿಗೆ ಇನ್ನೊಂದು. ಮೇಲಿನ ಮಹಡಿಯ ಶಟರ್‌ಗಳಲ್ಲಿ ಹೆಚ್ಚಿನವು ಒಂದು ದಿನವೂ ಮೇಲೆದ್ದಿಲ್ಲ. ಸಂತೆಗೆ ಬಂದವರು ಮೆಟ್ಟಿಲು ಹತ್ತಿ ಸೊಪ್ಪು ಕೊಳ್ಳುವುದಿಲ್ಲ, ಅದನ್ನು ಹೇಳಲು ಸರ್ವೆ ಬೇಕಾಗಿರಲಿಲ್ಲ. ಎದುರಿನ ಸಾಲಿನ ಯಾವ ಅಂಗಡಿಯವರನ್ನು ಕೇಳಿದ್ದರೂ ಹೇಳುತ್ತಿದ್ದರು.

ಪುರಸಭೆಯವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಅವರಿಗೆ ಸ್ವಂತ ವರಮಾನ ಅಂತ ಇರುವುದು ಮನೆ ಕಂದಾಯ, ನೀರಿನ ಕರ, ಉದ್ದಿಮೆ ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಸುಂಕ. ಉಳಿದದ್ದಕ್ಕೆಲ್ಲ ರಾಜ್ಯದ ಅನುದಾನ, ಹಣಕಾಸು ಆಯೋಗದ ಅನುದಾನ ಅಂತ ಕಾಯಬೇಕು. ಕಾಂಪ್ಲೆಕ್ಸ್ ಕಟ್ಟಿದರೆ ತಿಂಗಳು ತಿಂಗಳು ಬಾಡಿಗೆ ಬರುತ್ತದೆ ಅಂತ ಅವರಿಗೆ ಅನ್ನಿಸಿದರೆ ತಪ್ಪಲ್ಲ. ಆದರೆ ಅವರು ಕೂಡಿಸಿದ್ದು ಬರುವ ಬಾಡಿಗೆಯನ್ನು ಮಾತ್ರ. ಎದುರಿಗೆ ಮುಚ್ಚುವ ಅಂಗಡಿಗಳನ್ನು, ಗಿರಾಕಿ ಇಲ್ಲದ ಹೋಟೆಲನ್ನು, ಸಂತೆಗೆ ಬರೋದನ್ನೇ ಬಿಟ್ಟ ಹಳ್ಳಿಗಳನ್ನು ಕಳೆಯಲೇ ಇಲ್ಲ. ಅಂಗಡಿ ಮುಚ್ಚಿದರೆ ಪರವಾನಗಿ ಶುಲ್ಕವೂ ಹೋಯಿತು, ಬೀದಿಯೇ ಸತ್ತರೆ ಅಲ್ಲಿನ ಕಟ್ಟಡಗಳ ಬೆಲೆಯೂ ಇಳಿಯಿತು, ಅದರ ಹಿಂದೆ ಕಂದಾಯವೂ. ಲೆಕ್ಕವನ್ನು ಪೂರ್ತಿ ಹಾಕಿ ಅನ್ನೋದಷ್ಟೇ ನನ್ನ ಮಾತು.

ನನಗೆ ಅನ್ನಿಸೋದು ಇಷ್ಟು. ಊರಿನ ವ್ಯಾಪಾರ ಬೆಳೆಯಬೇಕು ಅಂದರೆ ಪುರಸಭೆ ಮೊದಲು ಮಾಡಬೇಕಾದ್ದು ಜನ ನಿಲ್ಲೋಕೆ, ಕೂರೋಕೆ, ಒಂದರ್ಧ ಗಂಟೆ ಜಾಸ್ತಿ ಇರೋಕೆ ಒಂದು ಜಾಗ. ನೆರಳು, ನೀರು, ದೀಪ, ಶೌಚಾಲಯ. ಜನ ಎಲ್ಲಿ ತಾವಾಗೇ ಸೇರುತ್ತಾರೋ ಅಲ್ಲೇ ಇದನ್ನು ಮಾಡಬೇಕು. ಬೈಪಾಸಿನಲ್ಲಿ ಜಾಗ ಖಾಲಿ ಇದೆ ಅಂತ ಅಲ್ಲಿ ಮಾಡಿದರೆ ಯಾರೂ ಬರೋದಿಲ್ಲ.

ಇದು ನನ್ನ ಸ್ವಂತ ಆಸೆ ಮಾತ್ರ ಅಂದುಕೊಳ್ಳಬೇಡಿ, ಕಾನೂನಿನಲ್ಲೇ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ 12ನೇ ಅನುಸೂಚಿ ಅಂತ ಒಂದನ್ನು ಸೇರಿಸಿತು. ಪುರಸಭೆಯಂಥ ಊರಾಡಳಿತಕ್ಕೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಅದು. ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗೆ ಯೋಜನೆ ಮಾಡುವುದೂ ಅದರಲ್ಲಿದೆ. ಪಾರ್ಕು, ಆಟದ ಮೈದಾನ, ಬೀದಿ ದೀಪ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯವೂ ಅದೇ ಪಟ್ಟಿಯಲ್ಲಿವೆ. ಎರಡೂ ಒಂದೇ ಕಡೆ ಇವೆ, ನೋಡಿ.

ಇನ್ನೊಂದು, 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ. ಇದನ್ನು ಪ್ರತಿ ಊರಿನವರೂ ಓದಬೇಕು. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ 40% ಜನ ಬೀದಿ ವ್ಯಾಪಾರಿಗಳೇ ಆಗಿರಬೇಕು. ಅವರನ್ನು ವ್ಯಾಪಾರಿಗಳೇ ಚುನಾವಣೆ ಮಾಡಿ ಆರಿಸಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆಮೇಲೆ ಎಬ್ಬಿಸಬೇಕಾದರೂ 30 ದಿನದ ನೋಟಿಸ್ ಕೊಡಬೇಕು. ಕೊಳ್ಳುವವರು, ಮಾರುವವರು ಹಿಂದಿನಿಂದ ತಾವಾಗೇ ಸೇರುವ ಜಾಗಕ್ಕೆ ಆ ಕಾಯ್ದೆಯಲ್ಲಿ ಸಹಜ ಮಾರುಕಟ್ಟೆ ಅನ್ನುವ ಹೆಸರು ಇದೆ. 50 ವರ್ಷಕ್ಕಿಂತ ಹೆಚ್ಚು ಕಾಲ ನಡೆದು ಬಂದಿದ್ದರೆ ಅದನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು ಅಂತಲೂ ಇದೆ. ನಮ್ಮ ಸಂತೆಮಾಳದಲ್ಲಿ ನಮ್ಮಜ್ಜಿಯೇ ಮದುವೆಗೆ ಮುಂಚೆ ಬೆಣ್ಣೆ ಮಾರಿದ್ದಾರೆ. ಈ ಕಾಯ್ದೆ ಮೂರು ವರ್ಷ ಮೊದಲೇ ಬಂದಿದ್ದರೆ ಅಂತ ಈಗ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಸಂತೆ ಸುಂಕದ ವಿಷಯ ಬೇರೆಯೇ ಹೇಳಬೇಕು. ಸುಂಕ ವಸೂಲಿಯ ಹಕ್ಕನ್ನು ಪುರಸಭೆ ವರ್ಷಕ್ಕೊಮ್ಮೆ ಹರಾಜು ಹಾಕುತ್ತದೆ. ಹಿಡಿದವರು ಪುರಸಭೆಗೆ ಇಂತಿಷ್ಟು ಅಂತ ಕಟ್ಟಿ, ಆಮೇಲೆ ಸಂತೆಯಲ್ಲಿ ತಿರುಗಿ ವಸೂಲಿ ಮಾಡುತ್ತಾರೆ. ಬುಟ್ಟಿಗೆ ಎಷ್ಟು, ತಳ್ಳುಗಾಡಿಗೆ ಎಷ್ಟು, ಲಗೇಜ್ ಆಟೋಗೆ ಎಷ್ಟು ಅಂತ ದರ ಇರುತ್ತದೆ. ಆ ದರದ ಬೋರ್ಡು ಸಂತೆಯಲ್ಲಿ ಇರಬೇಕು. ನಮ್ಮಲ್ಲಿ ಇಲ್ಲ. ಹೋದ ತಿಂಗಳು ಬೈಪಾಸಿನ ಸಂತೆಗೆ ಹೋಗಿದ್ದೆ. ನುಗ್ಗೆಸೊಪ್ಪು, ಕೀರೆಸೊಪ್ಪು ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಇನ್ನೂ ಬೋಣಿ ಆಗಿರಲಿಲ್ಲ. ಸುಂಕದ ಹುಡುಗ ಬಂದು ಮೂವತ್ತು ರೂಪಾಯಿ ಕೇಳಿದ. ರಸೀತಿ ಕೊಡಪ್ಪ ಅಂದೆ. ಅವನು ನನ್ನ ಮುಖ ನೋಡಿ ಇಪ್ಪತ್ತು ಕೊಡಿ ಸಾಕು ಅಂದ, ರಸೀತಿ ಮಾತ್ರ ಕೊಡಲಿಲ್ಲ. ಆ ಅಜ್ಜಿ ತಂದಿದ್ದು ಒಟ್ಟು ನಲವತ್ತು ಕಟ್ಟು ಸೊಪ್ಪು, ಕಟ್ಟಿಗೆ ಹತ್ತು ರೂಪಾಯಿ. ಬಸ್ಸಿನ ಲಗೇಜ್ ಕಳೆದು, ಸುಂಕ ಕಳೆದು, ಒಂದು ಟೀ ಕುಡಿದು, ಬಾಡಿದ ನಾಲ್ಕು ಕಟ್ಟು ಬಿಸಾಕಿ ಎಷ್ಟು ಉಳಿಯುತ್ತೆ, ನೀವೇ ಲೆಕ್ಕ ಹಾಕಿ.

'ಟೀ ಎಲ್ಲಿ ಕುಡಿಯಾದು ಮಗ,' ಅಂದರು ಅಜ್ಜಿ. 'ಟೀ ಕುಡುದ್ರೆ ಆಮೇಕೆ ಎಲ್ಲಿಗ್ ಹೋಗಾದು?'

ನನಗೆ ತಕ್ಷಣ ಅರ್ಥ ಆಗಲಿಲ್ಲ. ಆಮೇಲೆ ಅರ್ಥ ಆಯಿತು. ಆ ಬಯಲಿನಲ್ಲಿ ಶೌಚಾಲಯ ಅಂತ ಒಂದು ಕೋಣೆ ಇದೆ, ಬೀಗ ಹಾಕಿದೆ. ಕೀ ಯಾರ ಹತ್ತಿರ ಇದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಬೆಳಗ್ಗೆ ಐದಕ್ಕೆ ಮನೆ ಬಿಟ್ಟ ಹೆಂಗಸರು ಸಂಜೆ ಆರರವರೆಗೆ ನೀರು ಕುಡಿಯದೆ ಬಿಸಿಲಿನಲ್ಲಿ ಕೂರುತ್ತಾರೆ. ಕೊಳ್ಳಲು ಬಂದ ಹೆಂಗಸರದ್ದೂ ಅದೇ ಕತೆ. ಅರ್ಧ ಗಂಟೆಯಲ್ಲಿ ಬೇಕಾದ್ದು ತಗೊಂಡು ಓಡುತ್ತಾರೆ. ನಿಂತು ಚೌಕಾಸಿ ಮಾಡಿ, ಮಗುವಿಗೆ ಬೊಂಬಾಯಿ ಮಿಠಾಯಿ ಕೊಡಿಸಿ, ನೆಂಟರನ್ನು ಮಾತಾಡಿಸಿಕೊಂಡು ಬರುವ ಸಂತೆ ಅದಲ್ಲ. ಒಂದು ಬೀಗ ಎಷ್ಟು ವ್ಯಾಪಾರ ತಿನ್ನುತ್ತೆ ಅಂತ ಯಾರೂ ಅಳೆದಿಲ್ಲ.

ಸಾಲದ ವಿಷಯವೂ ಇದೇ ಅಜ್ಜಿಯಿಂದಲೇ ಗೊತ್ತಾಯಿತು. ಬಂಡವಾಳಕ್ಕೆ ಬೆಳಗ್ಗೆ ಒಂದು ಸಾವಿರ ಕೈಗಡ ತಂದರೆ ಸಂಜೆ ಸಾವಿರದ ನೂರು ವಾಪಸ್ ಕೊಡಬೇಕಂತೆ. 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಅನ್ನುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಮೊದಲು 10 ಸಾವಿರ, ತೀರಿಸಿದ ಮೇಲೆ 20 ಸಾವಿರ, ಆಮೇಲೆ 50 ಸಾವಿರ ಸಾಲ ಸಿಗುತ್ತಿತ್ತು, ಬಡ್ಡಿಯಲ್ಲಿ 7% ಸಹಾಯಧನ. 2025ರಲ್ಲಿ ಮೊದಲ ಎರಡು ಕಂತುಗಳನ್ನು 15 ಸಾವಿರ, 25 ಸಾವಿರಕ್ಕೆ ಏರಿಸಿದ್ದಾರೆ. ಆದರೆ ಬ್ಯಾಂಕಿನ ಬಾಗಿಲು ತಟ್ಟಬೇಕಾದರೆ ಊರಾಡಳಿತ ಕೊಟ್ಟ ಗುರುತಿನ ಚೀಟಿ ಇರಬೇಕು, ಇಲ್ಲದಿದ್ದರೆ ಶಿಫಾರಸು ಪತ್ರ ಇರಬೇಕು. ಅಂದರೆ ದಿನಕ್ಕೆ ನೂರು ರೂಪಾಯಿ ಬಡ್ಡಿ ಕಟ್ಟುವ ಹೆಂಗಸಿಗೂ ಬ್ಯಾಂಕಿಗೂ ನಡುವೆ ಇರುವುದು ಒಂದು ಚೀಟಿ. ಅದನ್ನು ಕೊಡಲು ಪುರಸಭೆಗೆ ಕೋಟಿ ಅನುದಾನ ಬೇಕಾಗಿಲ್ಲ. ಒಬ್ಬ ಸಿಬ್ಬಂದಿ, ಒಂದು ಟೇಬಲ್ಲು, ಎರಡು ಬುಧವಾರ ಸಂತೆಯಲ್ಲೇ ಕೂತರೆ ಮುಗಿಯಿತು.

ದೊಡ್ಡ ಊರುಗಳನ್ನು ನೋಡಿದರೂ ಇದೇ ಕಾಣಿಸುತ್ತೆ. ಮೈಸೂರಿನಲ್ಲಿ ನಾನು ದಿನಾ ದಾಟಿ ಹೋಗುವ ದೇವರಾಜ ಮಾರುಕಟ್ಟೆ ಇದೆ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಕುಂಕುಮದ ಗುಡ್ಡೆಗಳು, ಬಾಗಿಲಿನಲ್ಲೇ ಹೂವಿನ ವಾಸನೆ. ಪಾಲಿಕೆಯದೇ ಆಸ್ತಿ. 2016ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, 2012ರ ಆಗಸ್ಟಿನಲ್ಲಿ ಮೈಸೂರಿನದೇ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. ಅಂದಿನಿಂದ ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದದ್ದನ್ನೇ ಗಟ್ಟಿ ಮಾಡಬೇಕೋ ಅನ್ನುವ ಜಗ್ಗಾಟ. ನನಗೆ ಗಟ್ಟಿ ಮಾಡೋದೇ ಸರಿ ಅನ್ನಿಸುತ್ತೆ, ಆದರೆ ಅದಕ್ಕಿಂತ ಮುಖ್ಯವಾಗಿ, ಹಂಚು ಜರುಗಿದ ವರ್ಷವೇ ಹಂಚು ಕೂರಿಸುವ ಅಭ್ಯಾಸ ಬೇಕು. ಸೋರುವ ಸೂರಿಗೆ ವರ್ಷಾ ವರ್ಷ ಖರ್ಚು ಮಾಡುವ ಸಣ್ಣ ದುಡ್ಡಿಗೆ ಉದ್ಘಾಟನೆ ಇರುವುದಿಲ್ಲ, ಕಲ್ಲಿನ ಮೇಲೆ ಹೆಸರು ಬರುವುದಿಲ್ಲ. ಅದಕ್ಕೇ ಅದು ಬಜೆಟ್ಟಿನಲ್ಲಿ ಹಿಂದೆ ಬೀಳುತ್ತೆ.

ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ಹೊಸದಾಗಿ ಮಾಡಿ 2018ರಲ್ಲಿ ತೆರೆದರು. ಮುಕ್ಕಾಲು ಕಿಲೋಮೀಟರಿನಷ್ಟು ಬೀದಿ, ಕಲ್ಲು ಹಾಸು, ಅಗಲವಾದ ಫುಟ್‌ಪಾತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿಗಳನ್ನೇ ಬಿಡಲಿಲ್ಲ. ನಾನು ಆಗ ಒಂದು ಶನಿವಾರ ಹೋಗಿದ್ದೆ. ಬೀದಿ ಮಧ್ಯೆ ಮಕ್ಕಳು ಓಡಾಡುತ್ತಿದ್ದರು, ಒಬ್ಬ ಹುಡುಗ ಗಿಟಾರ್ ಬಾರಿಸುತ್ತಿದ್ದ, ಹಳೇ ಪುಸ್ತಕದ ಅಂಗಡಿಗಳ ಮುಂದೆ ಜನ ನಿಂತು ಪುಟ ತಿರುವುತ್ತಿದ್ದರು. ಒಂದು ಪುಸ್ತಕ ಕೊಳ್ಳಲು ಹೋದ ನಾನು ಮೂರು ಪುಸ್ತಕ, ಒಂದು ಕಾಫಿ, ಒಂದು ಊಟ ಅಂತ ಖರ್ಚು ಮಾಡಿ ಬಂದೆ. ಗಾಡಿಯಲ್ಲಿ ಹೋಗಿದ್ದರೆ ಒಂದೇ ಪುಸ್ತಕ ತಗೊಂಡು ಬರುತ್ತಿದ್ದೆ.

ಅಹಮದಾಬಾದಿಗೆ ಆಫೀಸ್ ಕೆಲಸದ ಮೇಲೆ ಹೋದಾಗ ಮಾಣೆಕ್ ಚೌಕ್ ನೋಡಿದೆ. ಹಗಲು ಚಿನ್ನ ಬೆಳ್ಳಿ ಅಂಗಡಿಗಳ ಬೀದಿ. ರಾತ್ರಿ ಶಟರ್ ಎಳೆದ ಮೇಲೆ ಅದೇ ಚೌಕದಲ್ಲಿ ತಿಂಡಿ ಗಾಡಿಗಳು, ಮೇಜು ಕುರ್ಚಿಗಳು, ಮನೆ ಮಂದಿಯೆಲ್ಲ ಮಧ್ಯರಾತ್ರಿಯವರೆಗೆ ಕೂತು ತಿನ್ನುತ್ತಾರೆ. ಒಂದೇ ನೆಲ, ಎರಡು ಪಾಳಿ ದುಡಿಮೆ. ನಮ್ಮ ಕಾಂಪ್ಲೆಕ್ಸಿನ ಮುಂದಿನ ಪಾರ್ಕಿಂಗ್ ಜಾಗ ರಾತ್ರಿ ಏಳರ ಮೇಲೆ ಖಾಲಿ ಬಿದ್ದಿರುತ್ತೆ, ಬುಧವಾರ ಹಗಲು ಖಾಲಿ ಮಾಡಿಸೋಕೂ ಆಗುತ್ತೆ.

ಫುಟ್‌ಪಾತ್ ಮೇಲೆಲ್ಲ ಗಾಡಿ ಇಟ್ಟರೆ ನಾವು ನಡೆಯೋದು ಎಲ್ಲಿ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ನನ್ನ ಅಮ್ಮನಿಗೆ ಮಂಡಿನೋವು, ಅವರಿಗೂ ನಡೆಯೋಕೆ ಜಾಗ ಬೇಕು. ಬಾಡಿಗೆ, ತೆರಿಗೆ ಕಟ್ಟಿ ಅಂಗಡಿ ಇಟ್ಟವರ ಎದುರಿಗೇ ಗಾಡಿ ನಿಲ್ಲಿಸಿದರೆ ಅವರಿಗೆ ಸಿಟ್ಟು ಬರೋದೂ ನ್ಯಾಯವೇ, ನಾವೂ ಅಂಗಡಿ ಇಟ್ಟಿದ್ದವರೇ ಅಲ್ವಾ. ಅದಕ್ಕೇ ಆ ಸಮಿತಿ ಬೇಕು ಅನ್ನೋದು. ಎಲ್ಲಿ ಕೂರಬಹುದು, ಎಲ್ಲಿ ಬೇಡ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಂತ ಎಲ್ಲರೂ ಕೂತು ಗೆರೆ ಎಳೆಯಲಿ. ಈಗ ಏನಾಗುತ್ತಿದೆ ಅಂದರೆ, ಯಾರೋ ದೊಡ್ಡವರು ಬರುತ್ತಾರೆ ಅಂದ ದಿನ ಎಲ್ಲರನ್ನೂ ಎಬ್ಬಿಸುತ್ತಾರೆ, ತಕ್ಕಡಿ ಎತ್ತಿಕೊಂಡು ಹೋಗುತ್ತಾರೆ. ಮಾರನೇ ದಿನ ಎಲ್ಲರೂ ಅಲ್ಲೇ ಕೂರುತ್ತಾರೆ. ನಡೆಯುವವರಿಗೂ ಜಾಗ ಸಿಗಲಿಲ್ಲ, ಮಾರುವವರಿಗೂ ನೆಮ್ಮದಿ ಇಲ್ಲ.

ನಮ್ಮೂರಲ್ಲೇ ಒಂದು ಒಳ್ಳೇ ಕೆಲಸ ಆಗಿದೆ, ಅದನ್ನೂ ಹೇಳಬೇಕು. ಬಸ್ ಸ್ಟ್ಯಾಂಡ್ ಪಕ್ಕದ ಅರಳಿಕಟ್ಟೆ ಒಡೆದು ಕಸದ ಗುಡ್ಡೆ ಆಗಿತ್ತು. ಎರಡು ವರ್ಷದ ಹಿಂದೆ ಆ ವಾರ್ಡಿನ ಸದಸ್ಯರು ಹಠ ಹಿಡಿದು ಅದನ್ನು ಸರಿ ಮಾಡಿಸಿದರು. ಕಟ್ಟೆಗೆ ಕಲ್ಲು ಚಪ್ಪಡಿ, ಸುತ್ತ ನಾಲ್ಕು ಕಲ್ಲು ಬೆಂಚು, ಒಂದು ದೀಪ, ಒಂದು ನಲ್ಲಿ. ಇಷ್ಟೇ. ಪೌರಕಾರ್ಮಿಕರು ದಿನಾ ಬೆಳಗ್ಗೆ ಗುಡಿಸುತ್ತಾರೆ. ಈಗ ಸಂಜೆ ಐದಕ್ಕೆ ಅಲ್ಲಿ ಕೂರಲು ಜಾಗ ಸಿಗುವುದಿಲ್ಲ. ಮೊದಲು ಬಂದದ್ದು ವಯಸ್ಸಾದವರು. ಅವರ ಹಿಂದೆ ಒಂದು ಮೆಣಸಿನಕಾಯಿ ಬಜ್ಜಿ ಗಾಡಿ ಬಂತು. ಬಜ್ಜಿ ತಿನ್ನಲು ಕಾಲೇಜು ಹುಡುಗಿಯರು ಬಂದರು. ದೀಪ ಇದೆ, ನಾಲ್ಕು ಜನ ಇದ್ದಾರೆ ಅನ್ನುವ ಧೈರ್ಯಕ್ಕೆ ಅವರು ಏಳು ಗಂಟೆ ಬಸ್ಸಿಗೂ ನಿಲ್ಲುತ್ತಾರೆ. ಆಮೇಲೆ ಮಾರು ಹೂವಿನವರು, ಮೊಬೈಲ್ ಕವರಿನವರು. ಎದುರಿನ ಮೆಡಿಕಲ್ ಸ್ಟೋರಿನವರು ಎಂಟಕ್ಕೆ ಮುಚ್ಚುತ್ತಿದ್ದವರು ಈಗ ಹತ್ತರವರೆಗೆ ತೆಗೆದಿರುತ್ತಾರೆ. ಅಪ್ಪ ದಿನಾ ಅಲ್ಲಿಗೇ ಹೋಗಿ ಕೂರುತ್ತಾರೆ. 'ಬಜ್ಜಿಯವನಿಗೆ ದಿನಕ್ಕೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕ್ತಾ ಇರ್ತೀನಿ ಕಣವ್ವ,' ಅಂದರು ಮೊನ್ನೆ. ಅವರಿಗೆ ಲೆಕ್ಕ ಹಾಕದೆ ಇರೋಕೆ ಆಗಲ್ಲ.

ಪುರಸಭೆಯ ಬಜೆಟ್ ಪೂರ್ವಭಾವಿ ಸಭೆ ಮುಂದಿನ ಶುಕ್ರವಾರ ಬೆಳಗ್ಗೆ 11ಕ್ಕೆ. ಸಾರ್ವಜನಿಕರು ಬಂದು ಸಲಹೆ ಕೊಡಬಹುದು ಅಂತ ಪ್ರಕಟಣೆ ಹಾಕಿದ್ದಾರೆ. ಹೋದ ವರ್ಷ ಸಾರ್ವಜನಿಕರು ಅಂತ ಬಂದವರು ಒಂಬತ್ತು ಜನ. ನಾನು ರಜೆ ಹಾಕಿ ಹೋಗುತ್ತೇನೆ. ಸುಂಕದ ದರದ ಬೋರ್ಡು, ಶೌಚಾಲಯದ ಬೀಗದ ಕೀ, ಬುಧವಾರ ಕಾಂಪ್ಲೆಕ್ಸ್ ಮುಂದಿನ ಜಾಗ ಸಂತೆಗೆ, ಈ ಮೂರನ್ನು ಬರೆದು ಕೊಡುತ್ತೇನೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಹೆಂಗಸರು ಎಷ್ಟು ಅಂತ ಕೇಳುತ್ತೇನೆ. ಅಪ್ಪನ ಎರಡು ಪುಸ್ತಕಗಳನ್ನೂ ತಗೊಂಡು ಹೋಗುತ್ತೇನೆ, 2007ರದ್ದು ಮತ್ತು 2012ರದ್ದು. ಆ ಸಾಲಿನಲ್ಲಿ ಅಂಗಡಿ ಇಟ್ಟಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆ ಅಟ್ಟದಲ್ಲೂ ಪುಸ್ತಕ ಇದ್ದೇ ಇರುತ್ತೆ, ದಯವಿಟ್ಟು ಹುಡುಕಿ ತನ್ನಿ.

ಶುಕ್ರವಾರ ಸಂತೆ ಇಲ್ಲ. ಸೊಪ್ಪಿನ ಅಜ್ಜಿಯನ್ನೂ ಕೇಳಿದೆ. ಹತ್ತೂವರೆ ಬಸ್ಸಿಗೆ ಬರ್ತೀನಿ ಅಂದಿದ್ದಾರೆ.